ಚೀಟಿ ಇಲ್ಲದ ಚೀಲ: ಜಾವಾ ಎಚ್ಚರಿಕೆಯ ಹಿಂದಿನ ಕತೆ

ಚಿಕ್ಕೋಡಿ, ನಿಪ್ಪಾಣಿಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಜಾವಾ ಕಲಿಯುವ ನಮ್ಮೂರ ಹುಡುಗ ಹುಡುಗಿಯರಿಗೆ ಒಂದು ಮಾತು ಪರಿಚಿತ: ‘ಅನ್‌ಚೆಕ್ಡ್ ಆರ್ ಅನ್‌ಸೇಫ್ ಆಪರೇಷನ್ಸ್’. ಪ್ರೋಗ್ರಾಮ್ ಓಡುತ್ತದೆ, ಉತ್ತರವೂ ಬರುತ್ತದೆ. ಮತ್ತೆ ಈ ತಕರಾರು ಯಾಕೆ?

1998ರ ಜಾವಾದಲ್ಲಿ ‘ಲಿಸ್ಟ್’ ಅಂದರೆ ಚೀಟಿ ಹಚ್ಚದ ಚೀಲ. ಒಳಗೆ ಜೋಳ ಇದೆಯೋ ತಂಬಾಕು ಇದೆಯೋ ಕಂಪೈಲರ್‌ಗೆ ಗೊತ್ತಿಲ್ಲ. ತೆಗೆಯುವಾಗ ‘ಇದು ಜೋಳವೇ’ ಎಂದು ಬರೆದವನೇ ಹೇಳಬೇಕಿತ್ತು. ಅವನ ಮಾತು ಸುಳ್ಳಾದರೆ ಪ್ರೋಗ್ರಾಮ್ ಓಡುತ್ತಿರುವಾಗಲೇ ನಿಂತುಬಿಡುತ್ತಿತ್ತು.

ಅದೇ 1998ರಲ್ಲಿ (ಬೆಳಗಾವಿಯಲ್ಲಿ ವಿಟಿಯು ಶುರುವಾದದ್ದೂ ಅದೇ ವರ್ಷ) ಗಿಲಾಡ್ ಬ್ರಾಖಾ, ಮಾರ್ಟಿನ್ ಓಡರ್‌ಸ್ಕಿ, ಡೇವಿಡ್ ಸ್ಟೌಟಮೈರ್, ಫಿಲಿಪ್ ವಾಡ್ಲರ್ ಸೇರಿ ‘ಜಿಜೆ’ ಎಂಬ ಯೋಜನೆ ಮುಂದಿಟ್ಟರು. ಚೀಲದ ಮೇಲೆ ಚೀಟಿ ಹಚ್ಚಿರಿ, ಲಿಸ್ಟ್ ಪಕ್ಕದಲ್ಲಿ ಕೋನದ ಆವರಣ ಹಾಕಿ ‘ಸ್ಟ್ರಿಂಗ್’ ಎಂದು ಬರೆಯಿರಿ, ಕಂಪೈಲರ್ ಕಾವಲು ನಿಲ್ಲುತ್ತದೆ. ಇದೇ ಜೆನೆರಿಕ್ಸ್. 2004ರ ಜಾವಾ 5ರಲ್ಲಿ ಅದು ಬಳಕೆಗೆ ಬಂತು.

ತೊಡಕು ಇಲ್ಲೇ ಇತ್ತು. ಅಷ್ಟೊತ್ತಿಗೆ ಜಗತ್ತಿನ ತುಂಬ ಹಳೆಯ ಜಾವಾ ಕೋಡ್ ಓಡುತ್ತಿತ್ತು, ಅದನ್ನು ಕೆಡಿಸುವಂತಿರಲಿಲ್ಲ. ಹಾಗಾಗಿ ಚೀಟಿಯನ್ನು ಕಂಪೈಲ್ ಮಾಡುವಾಗ ಮಾತ್ರ ನೋಡಿ, ಆಮೇಲೆ ಅಳಿಸಿಬಿಡುವ ದಾರಿ ಹಿಡಿದರು. ಇದಕ್ಕೆ ‘ಇರೇಷರ್’ ಎನ್ನುತ್ತಾರೆ. ಚೀಟಿ ಇಲ್ಲದ ಹಳೆಯ ಲಿಸ್ಟ್‌ಗೂ ಅವಕಾಶ ಉಳಿಯಿತು, ಅದರ ಹೆಸರು ‘ರಾ ಟೈಪ್’. ನಮ್ಮ ಪ್ರಕಾರ ಇದು ಹಳೇ ಮನೆ ಕೆಡವದೆ ಹೊಸ ಕೋಣೆ ಎತ್ತಿದ ಕೆಲಸ. ಮೈಕ್ರೋಸಾಫ್ಟ್‌ನವರು 2005ರಲ್ಲಿ ಸಿ ಶಾರ್ಪ್‌ಗೆ ಜೆನೆರಿಕ್ಸ್ ತಂದಾಗ ಚೀಟಿಯನ್ನು ಓಡುವ ಹೊತ್ತಿಗೂ ಉಳಿಸಿಕೊಂಡರು.

ಜಾವಾದಲ್ಲಿ ಆ ಬಿರುಕು ಉಳಿದ ಕಡೆ ಎಚ್ಚರಿಕೆ ಬರುತ್ತದೆ. ಒಂದು ಕಬ್ಬಿನ ಬಿಲ್ಲಿನ ಪ್ರೋಗ್ರಾಮ್ ಅಂದುಕೊಳ್ಳಿ. ರೈತರ ಹೆಸರಿನ ಪಟ್ಟಿಯನ್ನು ರಾ ಟೈಪ್ ಆಗಿ ಬಳಸಿ, ಯಾರೋ ಅದರೊಳಗೆ ತೂಕದ ಸಂಖ್ಯೆ ಹಾಕಿದರು. ಹಾಕುವಾಗ ಯಾವ ತಪ್ಪೂ ಕಾಣದು. ಹೆಸರು ತೆಗೆದು ಬಿಲ್ ಮುದ್ರಿಸುವ ದಿನ, ಬೇರೆ ಯಾರೋ ಬರೆದ ಸಾಲಿನಲ್ಲಿ, ‘ಕ್ಲಾಸ್ ಕಾಸ್ಟ್ ಎಕ್ಸೆಪ್ಶನ್’ ಎಂದು ಪ್ರೋಗ್ರಾಮ್ ಬೀಳುತ್ತದೆ. ಬಿಲ್ಲಿಗೆ ಕಾದ ರೈತ ಬಾಗಿಲಲ್ಲಿ ನಿಂತಿರುತ್ತಾನೆ, ಬೈಗುಳ ಮಾತ್ರ ತಪ್ಪೇ ಮಾಡದ ಹುಡುಗನಿಗೆ.

‘ಸಪ್ರೆಸ್ ವಾರ್ನಿಂಗ್ಸ್’ ಬರೆದರೆ ಕಂಪೈಲರ್ ಬಾಯಿ ಮುಚ್ಚುತ್ತದೆ, ಚೀಲದೊಳಗಿನ ಕಲಬೆರಕೆ ಹೋಗುವುದಿಲ್ಲ. ಬದಲಿಗೆ ‘ಎಕ್ಸ್‌ಲಿಂಟ್ ಅನ್‌ಚೆಕ್ಡ್’ ಆಯ್ಕೆ ಕೊಟ್ಟು ಮತ್ತೆ ಕಂಪೈಲ್ ಮಾಡಿರಿ. ಯಾವ ಸಾಲಿನಲ್ಲಿ ಚೀಟಿ ಇಲ್ಲ ಎಂದು ನಂಬರ್ ಸಮೇತ ತೋರಿಸುತ್ತದೆ.