ಹಳೆಯ ಉಪಕರಣ, ಹೊಸ ಗಣಕ: ಡ್ರೈವರ್‌ಗಳ ತೊಡಕು ಮತ್ತು ಪರಿಹಾರ

ವರ್ಷಗಟ್ಟಲೆ ದುಡಿದ ಸ್ಕ್ಯಾನರ್ ಅಥವಾ ಪ್ರಿಂಟರ್ ಹೊಸ ಗಣಕಯಂತ್ರಕ್ಕೆ ಜೋಡಿಸಿದೊಡನೆ ಮೂಕವಾಗುವುದುಂಟು. ಹೆಚ್ಚಿನ ವೇಳೆ ದೋಷ ಉಪಕರಣದಲ್ಲಿರುವುದಿಲ್ಲ. ಅದರ ಚಾಲಕ ತಂತ್ರಾಂಶ, ಅಂದರೆ ಡ್ರೈವರ್, ಹೊಸ ಕಾರ್ಯಾಚರಣ ವ್ಯವಸ್ಥೆಗೆ ಸಲ್ಲದೆ ಹೋಗಿರುತ್ತದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿದ ಬಳಿಕ, ಈ ಸಮಸ್ಯೆ ಮನೆಗಳನ್ನೂ ಚಿಕಿತ್ಸಾಲಯಗಳನ್ನೂ ಸಮಾನವಾಗಿ ಕಾಡುತ್ತಿದೆ.

ಡ್ರೈವರಿನ ಸ್ಥಾನ

ಡ್ರೈವರ್ ಒಬ್ಬ ದುಭಾಷಿ. ಕಾರ್ಯಾಚರಣ ವ್ಯವಸ್ಥೆಯ ಆಜ್ಞೆಯನ್ನು ಆಯಾ ಉಪಕರಣಕ್ಕೆ ಅರ್ಥವಾಗುವ ಸಂಕೇತಗಳಾಗಿ ಪರಿವರ್ತಿಸುವುದು ಅದರ ಕೆಲಸ. ಅನೇಕ ಡ್ರೈವರ್‌ಗಳು ವ್ಯವಸ್ಥೆಯ ಒಳತಿರುಳಾದ ಕರ್ನೆಲ್‌ನಲ್ಲಿ ನಡೆಯುತ್ತವೆ. ಸಾಮಾನ್ಯ ತಂತ್ರಾಂಶ ಎಡವಿದರೆ ಅದೊಂದೇ ನಿಲ್ಲುತ್ತದೆ. ಕರ್ನೆಲ್ ಡ್ರೈವರ್ ಎಡವಿದರೆ ಗಣಕವೇ ದೋಷದ ಪರದೆ ತೋರಿ ನಿಲ್ಲುತ್ತದೆ. ಪ್ರವೇಶದ ನಿಯಮಗಳು ಬಿಗಿಯಾಗುತ್ತ ಬಂದದ್ದು ಇದರಿಂದಲೇ.

ಎರಡು ತಡೆಗಳು

ಮೊದಲನೆಯದು ಬಿಟ್‌ಗಳ ತಡೆ. 64-ಬಿಟ್ ವಿಂಡೋಸ್ 32-ಬಿಟ್ ಕರ್ನೆಲ್ ಡ್ರೈವರನ್ನು ಸ್ವೀಕರಿಸುವುದಿಲ್ಲ. 2021ರಲ್ಲಿ ಬಂದ ವಿಂಡೋಸ್ 11ಕ್ಕೆ 32-ಬಿಟ್ ಆವೃತ್ತಿಯೇ ಇಲ್ಲ. ‘ಕಂಪ್ಯಾಟಿಬಿಲಿಟಿ ಮೋಡ್’ ಸಾಮಾನ್ಯ ತಂತ್ರಾಂಶಗಳಿಗೆ ನೆರವಾದರೂ ಈ ಕಂದಕವನ್ನು ದಾಟಿಸಲಾರದು.

ಎರಡನೆಯದು ಸಹಿಯ ತಡೆ. 64-ಬಿಟ್ ವಿಸ್ಟಾದಿಂದ ಕರ್ನೆಲ್ ಡ್ರೈವರ್‌ಗಳಿಗೆ ಡಿಜಿಟಲ್ ಸಹಿ ಕಡ್ಡಾಯವಾಯಿತು. 2016ರ ವಿಂಡೋಸ್ 10 ಆವೃತ್ತಿಯಿಂದ ಹೊಸ ಡ್ರೈವರ್‌ಗಳಿಗೆ ಮೈಕ್ರೋಸಾಫ್ಟಿನದೇ ಸಹಿ ಬೇಕಾಯಿತು. ಈ ಕಟ್ಟುನಿಟ್ಟು ಅಕಾರಣವಲ್ಲ. 2010ರಲ್ಲಿ ಪತ್ತೆಯಾದ ಸ್ಟಕ್ಸ್‌ನೆಟ್, ಕದ್ದ ಪ್ರಮಾಣಪತ್ರಗಳಿಂದ ಸಹಿ ಮಾಡಿದ ಡ್ರೈವರ್‌ಗಳ ಮರೆಯಲ್ಲಿ ಅಡಗಿತ್ತು.

ಪರಿಹಾರದ ಕ್ರಮ

1. ‘ಡಿವೈಸ್ ಮ್ಯಾನೇಜರ್’ನಲ್ಲಿ ಉಪಕರಣದ ಗುರುತುಸಂಖ್ಯೆಯನ್ನು ಬರೆದುಕೊಂಡು, ತಯಾರಕರ ತಾಣದಲ್ಲಿ 64-ಬಿಟ್ ಡ್ರೈವರ್ ಹುಡುಕಬೇಕು. ವಿಂಡೋಸ್ 7 ಅಥವಾ 10ಕ್ಕೆ ಬರೆದದ್ದು ಹಲವು ಸಲ 11ರಲ್ಲೂ ನಡೆಯುತ್ತದೆ.
2. ಹಳೆಯ ಸ್ಕ್ಯಾನರ್‌ಗಳಿಗೆ ವ್ಯೂಸ್ಕ್ಯಾನ್‌ನಂಥ ಸ್ವತಂತ್ರ ತಂತ್ರಾಂಶ ಅಥವಾ ಲಿನಕ್ಸ್‌ನ ‘ಸೇನ್’ ನೆರವಾಗಬಹುದು. ತಯಾರಕರು ಕೈಬಿಟ್ಟ ಉಪಕರಣಗಳನ್ನೂ ಇವು ಬಹುಕಾಲ ನಡೆಸುತ್ತವೆ.
3. ವರ್ಚುವಲ್ ಮಷಿನ್‌ನಲ್ಲಿ ಹಳೆಯ ವಿಂಡೋಸ್ ಸ್ಥಾಪಿಸಿ, ಯುಎಸ್‌ಬಿ ಉಪಕರಣವನ್ನು ಅದಕ್ಕೆ ಒಪ್ಪಿಸಬಹುದು. ಗಣಕದೊಳಗೆ ಕೂರಿಸುವ ಕಾರ್ಡುಗಳಿಗೆ ಈ ಮಾರ್ಗ ಸುಲಭವಲ್ಲ.
4. ಯಾವುದೂ ಫಲಿಸದಿದ್ದರೆ ಹಳೆಯ ಗಣಕವನ್ನು ಅಂತರ್ಜಾಲದಿಂದ ಬೇರ್ಪಡಿಸಿ, ಆ ಒಂದೇ ಕೆಲಸಕ್ಕೆ ಮೀಸಲಿಡುವುದು ಲೇಸು.

ಸಹಿಯ ತಪಾಸಣೆಯನ್ನು ಶಾಶ್ವತವಾಗಿ ಸ್ಥಗಿತಗೊಳಿಸುವುದು, ಅಪರಿಚಿತ ತಾಣಗಳ ‘ಡ್ರೈವರ್ ಅಪ್‌ಡೇಟರ್’ಗಳನ್ನು ನಂಬುವುದು ಪರಿಹಾರವಲ್ಲ, ಹೊಸ ರೋಗವನ್ನು ಆಹ್ವಾನಿಸಿದಂತೆ.

ವೈದ್ಯಕೀಯ ಉಪಕರಣಗಳು

ಇಸಿಜಿ, ಶ್ವಾಸಕೋಶ ಪರೀಕ್ಷೆ ಮೊದಲಾದವುಗಳ ಗಣಕಗಳಲ್ಲಿ ಇನ್ನಷ್ಟು ಎಚ್ಚರ ಅಗತ್ಯ. ತಯಾರಕರು ಯಾವ ವ್ಯವಸ್ಥೆಯೊಡನೆ ಪರೀಕ್ಷಿಸಿ ಒಪ್ಪಿಗೆ ನೀಡಿರುವರೋ ಅದೊಂದರಲ್ಲೇ ಅವುಗಳ ಫಲಿತಾಂಶ ವಿಶ್ವಾಸಾರ್ಹ. ಒತ್ತಾಯದಿಂದ ಕೂರಿಸಿದ ಡ್ರೈವರ್ ಪೂರ್ತಿ ಕೆಟ್ಟರೆ ಕೂಡಲೇ ತಿಳಿಯುತ್ತದೆ. ಕಾಲಮಾಪನವಷ್ಟೇ ತಪ್ಪಿದರೆ, ಅಂದವಾದ ಆದರೆ ಸುಳ್ಳಾದ ರೇಖೆ ವೈದ್ಯರ ಕೈ ಸೇರುತ್ತದೆ.

ಹಾಗೆಂದು ಹಳೆಯದನ್ನು ಹಾಗೆಯೇ ಬಿಡುವುದೂ ಅಪಾಯಕರ. 2017ರ ಮೇ ತಿಂಗಳ ವಾನಾಕ್ರೈ ದಾಳಿಯಲ್ಲಿ ಇಂಗ್ಲೆಂಡಿನ ಎನ್‌ಎಚ್‌ಎಸ್‌ನ 236 ಟ್ರಸ್ಟ್‌ಗಳ ಪೈಕಿ ಕನಿಷ್ಠ 80 ಬಾಧಿತವಾದವು. ಸೋಂಕಿಗೆ ಒಳಗಾದವುಗಳಲ್ಲಿ ಬಹುಪಾಲು, ಆಗಿನ್ನೂ ಬೆಂಬಲವಿದ್ದರೂ ಭದ್ರತಾ ಪರಿಷ್ಕರಣೆ ಪಡೆಯದ ವಿಂಡೋಸ್ 7 ಗಣಕಗಳು. ಅಪಾಯವಿರುವುದು ವಯಸ್ಸಿನಲ್ಲಿ ಮಾತ್ರವಲ್ಲ. ಪರಿಷ್ಕರಣೆಯಿಲ್ಲದೆ ಜಾಲಕ್ಕೆ ತೆರೆದುಕೊಂಡಿರುವುದರಲ್ಲಿ.

ಮುಂಜಾಗ್ರತೆ

ಹೊಸ ಗಣಕ ಕೊಳ್ಳುವ ಮುನ್ನ ಮನೆಯ ಉಪಕರಣಗಳ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ತಕ್ಕ ಡ್ರೈವರ್ ಇದೆಯೇ ಎಂದು ನೋಡಿಕೊಳ್ಳಬೇಕು. ‘ಆರ್ಮ್’ ಸಂಸ್ಕಾರಕದ ಗಣಕವಾದರೆ ಡ್ರೈವರ್ ಕೂಡ ಆರ್ಮ್‌ಗೆಂದೇ ಬರೆದದ್ದಾಗಿರಬೇಕು. ಊರಿನಿಂದ ತಂದ ಫಿಲ್ಮ್ ನೆಗೆಟಿವ್‌ಗಳು ಇನ್ನೂ ಉಳಿದಿದ್ದರೆ, ಹಳೆಯ ಸ್ಕ್ಯಾನರ್ ನಡೆಯುತ್ತಿರುವಾಗಲೇ ಆ ಕೆಲಸ ಮುಗಿಸುವುದು ಒಳಿತು. ಡ್ರೈವರ್ ಸ್ಥಾಪಿಸುವ ಮೂಲ ಕಡತವನ್ನು ಎರಡು ಕಡೆ ಕಾದಿಡಬೇಕು. ತಯಾರಕರ ತಾಣದಲ್ಲಿ ಇಂದು ದೊರೆಯುವುದು ನಾಳೆಯೂ ಅಲ್ಲಿಯೇ ಇರುವುದೆಂಬ ಭರವಸೆಯಿಲ್ಲ.