ಉಯಿಲು, ಪ್ರೊಬೇಟ್, ವಾರಸುದಾರಿಕೆ: ನಮ್ಮ ಕುಟುಂಬಗಳು ತಿಳಿದಿರಬೇಕಾದ ಸಂಗತಿಗಳು

ಊರು ಬಿಟ್ಟು ಮಹಾನಗರಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಆಸ್ತಿಪಾಸ್ತಿ ಸಾಮಾನ್ಯವಾಗಿ ಎರಡು ಕಡೆ ಹಂಚಿಹೋಗಿರುತ್ತದೆ. ಮುಂಬಯಿಯಲ್ಲೋ ಪುಣೆಯಲ್ಲೋ ಒಂದು ಫ್ಲ್ಯಾಟು, ಬ್ಯಾಂಕಿನ ಠೇವಣಿ, ಒಂದಿಷ್ಟು ಶೇರುಗಳು. ಊರಿನಲ್ಲಿ ಹಿರಿಯರ ಕಾಲದ ಮನೆ, ತುಸು ಜಮೀನು. ಮನೆಯ ಯಜಮಾನರು ಇರುವಷ್ಟು ದಿನ ಇವುಗಳ ಕಾಗದಪತ್ರಗಳ ಚಿಂತೆ ಯಾರಿಗೂ ಇರುವುದಿಲ್ಲ. ಅವರು ಕಣ್ಮುಚ್ಚಿದ ಮೇಲೆ ಪ್ರಶ್ನೆಗಳು ಒಂದೊಂದಾಗಿ ಏಳುತ್ತವೆ.

ಬ್ಯಾಂಕ್ ಉದ್ಯೋಗದಲ್ಲಿರುವ ನಮಗೆ ಇಂತಹ ಸಂದರ್ಭಗಳು ಹೊಸವಲ್ಲ. ಉತ್ತರಕ್ರಿಯೆ ಮುಗಿಸಿ, ಮರಣ ಪ್ರಮಾಣಪತ್ರದೊಡನೆ ಬರುವವರು ಮೊದಲು ಹೇಳುವ ಮಾತು ಬಹುಮಟ್ಟಿಗೆ ಒಂದೇ: "ನಾಮಿನಿ ನಾನೇ, ಆದ್ದರಿಂದ ಹಣ ನನ್ನದೇ." ಈ ನಂಬಿಕೆಯಿಂದಲೇ ಎಷ್ಟೋ ಮನೆಗಳಲ್ಲಿ ಒಡಹುಟ್ಟಿದವರ ನಡುವೆ ಮಾತು ನಿಂತುಹೋಗಿದೆ. ಆದುದರಿಂದ ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆಗಳಿಗೆ ಉತ್ತರಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇವೆ.

ನಾಮಿನಿಯೇ ಮಾಲೀಕನೇ?

ಅಲ್ಲ. ನಾಮಿನಿ ಎಂದರೆ ಹಣವನ್ನು ಸ್ವೀಕರಿಸಲು ಅಧಿಕಾರವುಳ್ಳ ಕೈ ಮಾತ್ರ. ಸ್ವೀಕರಿಸಿದ ಹಣವನ್ನು ಆತ ನಿಜವಾದ ವಾರಸುದಾರರ ಪರವಾಗಿ ಇಟ್ಟುಕೊಂಡಿರುತ್ತಾನೆ. ಜೀವ ವಿಮೆಯ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು ಸರಬತಿ ದೇವಿ ಪ್ರಕರಣದಲ್ಲಿ (1984) ಇದನ್ನು ಸ್ಪಷ್ಟಪಡಿಸಿತು. ಶೇರುಗಳ ವಿಷಯದಲ್ಲಿಯೂ ಇದೇ ತತ್ತ್ವ ಅನ್ವಯಿಸುವುದೆಂದು ಶಕ್ತಿ ಯೆಜ್ದಾನಿ ಪ್ರಕರಣದ ತೀರ್ಪು (2023) ಹೇಳಿದೆ. ವಿಮೆಯಲ್ಲಿ ಮಾತ್ರ ಒಂದು ಬದಲಾವಣೆಯಾಗಿದೆ. 2015ರ ತಿದ್ದುಪಡಿಯ ಪ್ರಕಾರ ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ವಿಮೆಯ ಹಣ ಅವರಿಗೇ ಸಲ್ಲುತ್ತದೆ.

ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳಲ್ಲಿಯೂ ನಾಮಿನಿಯ ಸ್ಥಾನ ತಾತ್ಕಾಲಿಕವಾದುದು. ಸಹಕಾರಿ ಸಂಘಗಳ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ, ಕಾನೂನುಬದ್ಧ ವಾರಸುದಾರರು ಸದಸ್ಯರಾಗುವವರೆಗೆ ನಾಮಿನಿಯು ತಾತ್ಕಾಲಿಕ ಸದಸ್ಯನಾಗಿರುತ್ತಾನೆ. ಶೇರು ಸರ್ಟಿಫಿಕೇಟಿನ ಮೇಲೆ ಹೆಸರು ಬಂದ ಮಾತ್ರಕ್ಕೆ ಫ್ಲ್ಯಾಟು ತನ್ನದಾಯಿತೆಂದು ಯಾರೂ ಭಾವಿಸತಕ್ಕದ್ದಲ್ಲ.

ಹಾಗೆಂದು ನಾಮಿನಿ ಬೇಡವೆಂದಲ್ಲ. ನಾಮಿನಿ ಇದ್ದರೆ ಬ್ಯಾಂಕು ತಡಮಾಡದೆ ಹಣ ಪಾವತಿಸಬಹುದು. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗಳಿಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಿ, ಯಾರಿಗೆ ಶೇಕಡಾ ಎಷ್ಟು ಎಂದು ನಮೂದಿಸುವ ಅವಕಾಶವಿದೆ. ನಾಮಿನಿ ಇಲ್ಲದ ಖಾತೆಗಳಲ್ಲಿಯೂ, ತಕರಾರಿಲ್ಲದಿದ್ದರೆ, ವಾಣಿಜ್ಯ ಬ್ಯಾಂಕುಗಳಲ್ಲಿ 15 ಲಕ್ಷ ರೂ. ಹಾಗೂ ಸಹಕಾರಿ ಬ್ಯಾಂಕುಗಳಲ್ಲಿ 5 ಲಕ್ಷ ರೂ.ವರೆಗಿನ ಮೊತ್ತವನ್ನು ಸರಳ ವಿಧಾನದಲ್ಲಿ ಇತ್ಯರ್ಥಪಡಿಸಬೇಕೆಂದು ರಿಸರ್ವ್ ಬ್ಯಾಂಕು 2025ರಲ್ಲಿ ನಿರ್ದೇಶಿಸಿದೆ. ಬೇಕಾದ ಕಾಗದಗಳೆಲ್ಲ ಕೈಸೇರಿದ 15 ದಿನಗಳೊಳಗೆ ಈ ಕೆಲಸ ಮುಗಿಯಬೇಕು.

ಉಯಿಲು ಹೇಗಿರಬೇಕು?

ಉಯಿಲು, ಮರಣಶಾಸನ, ಮೃತ್ಯುಪತ್ರ ಎಂಬ ಹೆಸರುಗಳೆಲ್ಲ ಒಂದೇ ದಸ್ತಾವೇಜಿನವು. ಇದಕ್ಕೆ ಛಾಪಾಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಕನ್ನಡದಲ್ಲಿಯೇ ಬರೆಯಬಹುದು. ಆದರೆ ಕರ್ನಾಟಕದ ಹೊರಗಿನ ನ್ಯಾಯಾಲಯಕ್ಕೆ ಸಲ್ಲಿಸುವ ಪ್ರಸಂಗ ಬಂದರೆ ಅಧಿಕೃತ ಭಾಷಾಂತರ ಬೇಕಾಗುತ್ತದೆ. ಬರೆದಾತ ಸಹಿ ಮಾಡಿರಬೇಕು. ಕನಿಷ್ಠ ಇಬ್ಬರು ಸಾಕ್ಷಿಗಳು, ಆತ ಸಹಿ ಮಾಡಿದ್ದನ್ನು ಕಂಡು ಅಥವಾ ಅದು ತನ್ನದೇ ಸಹಿಯೆಂಬ ಮಾತನ್ನು ಆತನ ಬಾಯಿಂದಲೇ ಕೇಳಿ, ಆತನ ಸಮ್ಮುಖದಲ್ಲಿ ತಾವೂ ಸಹಿ ಹಾಕಿರಬೇಕು. ಭಾರತೀಯ ಉತ್ತರಾಧಿಕಾರ ಕಾಯ್ದೆ, 1925ರ 63ನೆಯ ಕಲಮು ಇದನ್ನು ವಿಧಿಸುತ್ತದೆ.

ಸಾಕ್ಷಿಗಳ ವಿಷಯದಲ್ಲಿ ನಮ್ಮ ಮನೆಯ ಅನುಭವವನ್ನೇ ಹೇಳಬಹುದು. ನಮ್ಮ ತಂದೆಯವರು ಅಂದವಾದ ಕನ್ನಡ ಅಕ್ಷರಗಳಲ್ಲಿ ಉಯಿಲು ಬರೆದು, ತಮ್ಮ ಸಮವಯಸ್ಕರಾದ ಇಬ್ಬರು ಗೆಳೆಯರಿಂದ ಸಾಕ್ಷಿ ಹಾಕಿಸಿದ್ದರು. ಅದು ನ್ಯಾಯಾಲಯದ ಮೆಟ್ಟಿಲೇರುವ ಹೊತ್ತಿಗೆ ಆ ಇಬ್ಬರೂ ತೀರಿಕೊಂಡಿದ್ದರು. ಅವರಲ್ಲೊಬ್ಬರ ಸಹಿಯನ್ನು ಗುರುತಿಸಬಲ್ಲವರನ್ನು ಹುಡುಕಲು ನಾವು ಎರಡು ಬಾರಿ ಊರಿಗೆ ಅಲೆಯಬೇಕಾಯಿತು. ಆದುದರಿಂದ ಸಾಕ್ಷಿಗಳು ತಮಗಿಂತ ಕಿರಿಯರೂ, ಉಯಿಲಿನಿಂದ ಲಾಭ ಪಡೆಯದವರೂ ಆಗಿರುವುದು ಲೇಸು. ಅವರ ಪೂರ್ಣ ವಿಳಾಸವನ್ನು ನಮೂದಿಸಬೇಕು. ವಯಸ್ಸಾದವರು ಬರೆಯುವ ಉಯಿಲಿಗೆ, ಅವರ ಬುದ್ಧಿ ಸ್ವಸ್ಥವಾಗಿದೆಯೆಂಬ ವೈದ್ಯರ ಪ್ರಮಾಣಪತ್ರವನ್ನು ಜೊತೆಗಿರಿಸಿದರೆ ಮುಂದಿನ ತಕರಾರು ತಪ್ಪುತ್ತದೆ.

ಪ್ರೊಬೇಟ್ ಎಂದರೇನು? ಅದು ಈಗಲೂ ಕಡ್ಡಾಯವೇ?

ಉಯಿಲು ನಿಜವಾದುದೆಂದು ನ್ಯಾಯಾಲಯವು ಪರಿಶೀಲಿಸಿ, ಅದರಲ್ಲಿ ಹೆಸರಿಸಿದ ಕಾರ್ಯನಿರ್ವಾಹಕನಿಗೆ ಮುದ್ರೆಯೊತ್ತಿ ನೀಡುವ ಪ್ರಮಾಣವೇ ಪ್ರೊಬೇಟ್. ಉಯಿಲಿನಲ್ಲಿ ಕಾರ್ಯನಿರ್ವಾಹಕನನ್ನು ಹೆಸರಿಸದಿದ್ದರೆ ಅದರ ಬದಲು ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್ ಎಂಬ ಆಡಳಿತಪತ್ರವನ್ನು ಪಡೆಯಬೇಕಾಗುತ್ತದೆ.

ಬಹಳ ಕಾಲದಿಂದ ಮುಂಬಯಿ ಮತ್ತು ಚೆನ್ನೈ ಕನ್ನಡಿಗರನ್ನು ಕಾಡಿದ ಪ್ರಶ್ನೆ ಇದು. ಮುಂಬಯಿ ಹಾಗೂ ಮದರಾಸು ಉಚ್ಚ ನ್ಯಾಯಾಲಯಗಳ ಮೂಲ ದಿವಾಣಿ ಅಧಿಕಾರ ವ್ಯಾಪ್ತಿಯೊಳಗೆ ಹಿಂದೂಗಳು ಮತ್ತು ಜೈನರು ಬರೆದ ಉಯಿಲಿಗೂ, ಅಲ್ಲಿರುವ ಸ್ಥಿರಾಸ್ತಿಗೆ ಸಂಬಂಧಿಸಿ ಬೇರೆಡೆ ಬರೆದ ಉಯಿಲಿಗೂ 213ನೆಯ ಕಲಮಿನಂತೆ ಪ್ರೊಬೇಟ್ ಕಡ್ಡಾಯವಾಗಿತ್ತು. ಪುಣೆ, ದೆಹಲಿ, ಹೈದರಾಬಾದು, ಬೆಂಗಳೂರುಗಳಲ್ಲಿ ಈ ಕಡ್ಡಾಯವಿರಲಿಲ್ಲ. ಹುಬ್ಬಳ್ಳಿಯಲ್ಲಿ ಕುಳಿತು ಬರೆದ ಉಯಿಲಾದರೂ, ಅದರಲ್ಲಿ ಮುಂಬಯಿಯ ಫ್ಲ್ಯಾಟು ಸೇರಿದ್ದರೆ ಪ್ರೊಬೇಟ್ ಬೇಕಾಗುತ್ತಿತ್ತು.

2025ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ ರದ್ದತಿ ಮತ್ತು ತಿದ್ದುಪಡಿ ಕಾಯ್ದೆಯು ಈ 213ನೆಯ ಕಲಮನ್ನೇ ತೆಗೆದುಹಾಕಿದೆ. ಊರಿಂದೂರಿಗೆ ಇದ್ದ ತಾರತಮ್ಯ ಇದರಿಂದ ಕೊನೆಗೊಂಡಿತು. ಆದರೆ ಪ್ರೊಬೇಟ್ ಪದ್ಧತಿಯೇ ಹೋಗಿಲ್ಲ. ಕಡ್ಡಾಯ ಮಾತ್ರ ಹೋಗಿದೆ. ಉಯಿಲನ್ನು ಯಾರಾದರೂ ಪ್ರಶ್ನಿಸುವ ಸಂಭವವಿದ್ದರೆ ಪ್ರೊಬೇಟ್ ಪಡೆಯುವುದು ಈಗಲೂ ವಿವೇಕದ ಮಾರ್ಗ. ಆಸ್ತಿ ಎರಡು ರಾಜ್ಯಗಳಲ್ಲಿದ್ದರೆ, ಉಚ್ಚ ನ್ಯಾಯಾಲಯ ನೀಡಿದ ಪ್ರೊಬೇಟ್ ಸಾಮಾನ್ಯವಾಗಿ ಇತರ ರಾಜ್ಯಗಳಲ್ಲಿಯೂ ನಡೆಯುತ್ತದೆಂಬುದು ನಮ್ಮಂತಹವರಿಗೆ ದೊಡ್ಡ ಅನುಕೂಲ. ತಿದ್ದುಪಡಿಗೆ ಮೊದಲೇ ಮರಣ ಸಂಭವಿಸಿದ್ದರೆ ಅಥವಾ ಅರ್ಜಿ ನಡೆಯುತ್ತಿದ್ದರೆ ವಕೀಲರ ಸಲಹೆಯಿಲ್ಲದೆ ಮುಂದುವರಿಯಬಾರದು.

ಉಯಿಲು ಇಲ್ಲದಿದ್ದರೆ?

ಹಿಂದೂ ಪುರುಷನ ಸ್ವಯಾರ್ಜಿತ ಆಸ್ತಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಮೊದಲು ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಹಾಗೂ ತಾಯಿಗೆ ಸಮಪಾಲಾಗಿ ಸಲ್ಲುತ್ತದೆ. ಮಗನ ಆಸ್ತಿಯಲ್ಲಿ ತಾಯಿಗೂ ಪಾಲಿದೆಯೆಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಸ್ತ್ರೀಯ ಆಸ್ತಿಯಾದರೆ ಮೊದಲು ಮಕ್ಕಳಿಗೂ ಗಂಡನಿಗೂ ಸೇರುತ್ತದೆ. ಆಕೆಗೆ ಮಕ್ಕಳಿಲ್ಲದೆ, ತೀರಿದ ಮಕ್ಕಳ ಮಕ್ಕಳೂ ಇಲ್ಲದಿದ್ದರೆ, ತಂದೆತಾಯಿಯಿಂದ ಬಂದ ಆಸ್ತಿ ತಂದೆಯ ವಾರಸುದಾರರಿಗೆ ಹಿಂದಿರುಗುತ್ತದೆ.

ಕರಾವಳಿಯ ಅಳಿಯಸಂತಾನ ಕಟ್ಟಿನ ಕುಟುಂಬಗಳಿಗೆ ಇದೇ ಕಾಯ್ದೆಯ 7 ಮತ್ತು 17ನೆಯ ಕಲಮುಗಳಲ್ಲಿ ವಿಶೇಷ ನಿಯಮಗಳಿವೆ. ಆದುದರಿಂದ ಅವರು ಕವರು, ಕುಟುಂಬದ ಹಳೆಯ ಪಾಲುಪತ್ರಗಳನ್ನು ಆ ಕಟ್ಟನ್ನು ಬಲ್ಲ ವಕೀಲರಿಗೇ ತೋರಿಸಬೇಕು. ಕ್ರೈಸ್ತರಿಗೆ 1925ರ ಕಾಯ್ದೆ ಅನ್ವಯಿಸುತ್ತದೆ. ಮಕ್ಕಳಿದ್ದರೆ ವಿಧವೆಗೆ ಮೂರನೆಯ ಒಂದು ಪಾಲು, ಉಳಿದುದು ಮಕ್ಕಳಿಗೆ. ಮುಸ್ಲಿಮರಿಗೆ ಅವರ ವೈಯಕ್ತಿಕ ಕಾನೂನು ಅನ್ವಯಿಸುತ್ತದೆ. ವಾರಸುದಾರರ ಒಪ್ಪಿಗೆಯಿಲ್ಲದೆ ಆಸ್ತಿಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿನದನ್ನು ಉಯಿಲಿನ ಮೂಲಕ ಕೊಡಲಾಗದು.

ಮದುವೆಯಾಗಿ ಹೊರನಾಡಿಗೆ ಬಂದ ಮಗಳಿಗೆ ಊರಿನ ಆಸ್ತಿಯಲ್ಲಿ ಪಾಲಿದೆಯೇ?

ಇದೆ. ಕರ್ನಾಟಕವು 1994ರಲ್ಲಿಯೇ ಪಿತ್ರಾರ್ಜಿತ ಆಸ್ತಿಯಲ್ಲಿ ಅವಿವಾಹಿತ ಹೆಣ್ಣುಮಕ್ಕಳಿಗೆ ಸಮಾನ ಹಕ್ಕು ಕೊಟ್ಟಿತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯು ಮದುವೆಯಾದವರು, ಆಗದವರು ಎಂಬ ಭೇದವನ್ನು ಅಳಿಸಿತು. ಆ ದಿನ ತಂದೆ ಜೀವಂತವಾಗಿರಬೇಕಿಲ್ಲ, ಹಕ್ಕು ಹುಟ್ಟಿನಿಂದಲೇ ಬರುವಂಥದ್ದು ಎಂದು ವಿನೀತಾ ಶರ್ಮಾ ಪ್ರಕರಣದಲ್ಲಿ (2020) ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ಪತ್ರದಿಂದಲೋ ನ್ಯಾಯಾಲಯದ ಡಿಕ್ರಿಯಿಂದಲೋ ಆದ ಪಾಲನ್ನು ಮಾತ್ರ ಮತ್ತೆ ಕೆದಕುವಂತಿಲ್ಲ.

ಊರಿನಿಂದ ಅಣ್ಣತಮ್ಮಂದಿರು ಕಾಗದವೊಂದನ್ನು ತಂದು, "ಅಕ್ಕಾ, ಇಲ್ಲೊಂದು ಸಹಿ ಹಾಕು" ಎನ್ನುವ ಸಂದರ್ಭ ಅನೇಕ ಮನೆಗಳಲ್ಲಿ ಬರುತ್ತದೆ. ಅದು ಹಕ್ಕು ಬಿಡುಗಡೆ ಪತ್ರವಾಗಿರಬಹುದು. ತವರಿನ ಮೇಲಿನ ಪ್ರೀತಿಯಿಂದ ಪಾಲು ಬಿಟ್ಟುಕೊಡುವುದು ಆಕೆಯ ಇಚ್ಛೆ. ಅದನ್ನು ತಪ್ಪೆನ್ನುವವರು ನಾವಲ್ಲ. ಆದರೆ ಓದಿ, ತಿಳಿದು ಬಿಟ್ಟುಕೊಡುವುದು ಬೇರೆ. ತಿಳಿಯದೆ ಕಳೆದುಕೊಳ್ಳುವುದು ಬೇರೆ. ತವರಿನ ಸಂಬಂಧ ಉಳಿಯಬೇಕಾದರೆ ಕಾಗದದಲ್ಲಿ ಏನಿದೆಯೆಂದು ಇಬ್ಬರಿಗೂ ಗೊತ್ತಿರಬೇಕು.

ಯಾವ ಕಾಗದ ಎಲ್ಲಿ?

ಠೇವಣಿ, ಶೇರು, ಸಾಲಪತ್ರಗಳಿಗಾಗಿ ಕೇಳುವ ಉತ್ತರಾಧಿಕಾರ ಪ್ರಮಾಣಪತ್ರವನ್ನು ನೀಡುವುದು ನ್ಯಾಯಾಲಯ. ಮನೆ, ಜಮೀನುಗಳಿಗೆ ಅದು ಸಲ್ಲದು. ಕರ್ನಾಟಕದ ಕೃಷಿ ಜಮೀನಿಗಾದರೆ ಮರಣ ಪ್ರಮಾಣಪತ್ರ ಹಾಗೂ ವಂಶವೃಕ್ಷದೊಡನೆ ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಸಲ್ಲಿಸಬೇಕು. ವಾರಸಿನಿಂದ ಹಕ್ಕು ಬಂದುದನ್ನು 3 ತಿಂಗಳೊಳಗೆ ತಿಳಿಸಬೇಕೆಂದು ಭೂಕಂದಾಯ ಕಾಯ್ದೆ ಹೇಳುತ್ತದೆ. ಎಷ್ಟೋ ಕುಟುಂಬಗಳಲ್ಲಿ ಪಹಣಿ ಇಂದಿಗೂ ಅಜ್ಜನ ಹೆಸರಿನಲ್ಲಿಯೇ ಉಳಿದಿದೆ. ತಲೆಮಾರು ಕಳೆದಂತೆ ಸಹಿ ಹಾಕಬೇಕಾದವರ ಸಂಖ್ಯೆ ಬೆಳೆಯುತ್ತ ಹೋಗುತ್ತದೆ. ಒಬ್ಬರು ದೆಹಲಿಯಲ್ಲಿ, ಇನ್ನೊಬ್ಬರು ದುಬೈಯಲ್ಲಿ. ಖಾತೆ ಬದಲಾದ ಮಾತ್ರಕ್ಕೆ ಒಡೆತನ ಸಿದ್ಧವಾಗದೆಂಬುದೂ ನೆನಪಿರಲಿ. ಅದು ಕಂದಾಯದ ದಾಖಲೆಯಷ್ಟೆ.

ಕೊನೆಯ ಮಾತು

ಉಯಿಲು ಬರೆದರೆ ಆಯುಷ್ಯ ಕಡಿಮೆಯಾಗುವುದೆಂಬ ಅಳುಕು ನಮ್ಮ ಹಿರಿಯರಲ್ಲಿ ಇನ್ನೂ ಇದೆ. ಮಕ್ಕಳು ಆ ಮಾತೆತ್ತಲು ಸಂಕೋಚಪಡುತ್ತಾರೆ. ಹಿರಿಯರೇ ಮುಂದಾಗಿ, ಒಂದು ನೋಟುಪುಸ್ತಕದಲ್ಲಿ ಖಾತೆಗಳ ವಿವರ, ಪಾಲಿಸಿಗಳು, ಫ್ಲ್ಯಾಟಿನ ಕಾಗದಗಳು, ಊರಿನ ಸರ್ವೆ ನಂಬರು, ಉಯಿಲು ಇರುವ ಸ್ಥಳ ಇವಿಷ್ಟನ್ನು ಬರೆದಿಟ್ಟರೆ ಅರ್ಧ ಕೆಲಸ ಮುಗಿದಂತೆ. ನಾಮಿನಿಯ ಹೆಸರೂ ಉಯಿಲಿನಲ್ಲಿ ಹೇಳಿದ ಹೆಸರೂ ಒಂದೇ ಆಗಿದ್ದರೆ ಇನ್ನೂ ಒಳ್ಳೆಯದು.

ಇಲ್ಲಿ ಹೇಳಿರುವುದು ಸಾಮಾನ್ಯ ತಿಳಿವಳಿಕೆ ಮಾತ್ರ. ಪ್ರತಿ ಮನೆಯ ಪ್ರಶ್ನೆಗೂ ವಕೀಲರ ಸಲಹೆ ಪ್ರತ್ಯೇಕವಾಗಿ ಬೇಕು. ಮುಂದಿನ ಹಬ್ಬಕ್ಕೆ ಮನೆಮಂದಿಯೆಲ್ಲ ಸೇರಿದಾಗ, ಊಟದ ನಂತರ ಅರ್ಧ ಗಂಟೆ ಈ ವಿಷಯಕ್ಕೆ ಮೀಸಲಿಡಿ ಎಂಬುದೇ ನಮ್ಮ ವಿನಂತಿ. ಎಲ್ಲರೂ ಎದುರುಬದುರು ಕುಳಿತು ಆಡಬಹುದಾದ ಮಾತನ್ನು ನ್ಯಾಯಾಲಯದ ಹಜಾರದವರೆಗೆ ಒಯ್ಯುವುದು ಬೇಡ.