ಮಂಗಳೂರು ಕಂಡ ಫ್ರೆಂಚ್ ಕುಮಕು

ಮಿತ್ರರಾಜ್ಯದ ನೆರವಿಗೆ ಕಳುಹಿಸುವ ಸೈನ್ಯವನ್ನು ಪಾರಸಿಯಲ್ಲಿ ‘ಕುಮಕು’ ಎನ್ನುತ್ತಿದ್ದರು. ಅದೇ ಪದ ಇಂದಿನ ಕನ್ನಡದಲ್ಲಿ ‘ಕುಮ್ಮಕ್ಕು’ ಆಗಿ ತುಸು ಕೆಟ್ಟ ಅರ್ಥವನ್ನು ಹೊತ್ತುಕೊಂಡಿದ್ದರೆ, ದಕ್ಷಿಣ ಕನ್ನಡದ ಕಂದಾಯ ದಾಖಲೆಗಳಲ್ಲಿ ಅದು, ಕೃಷಿಕನ ಹಿಡುವಳಿಯಾದ ‘ವರ್ಗ’ ಜಮೀನಿಗೆ ಹೊಂದಿಕೊಂಡಿದ್ದು ಅವನಿಗೆ ಸೊಪ್ಪು ಸೌದೆಗಳನ್ನು ಒದಗಿಸುವ ಸರ್ಕಾರಿ ಭೂಮಿಯ, ಅಂದರೆ ‘ಕುಮ್ಕಿ’ಯ, ಹೆಸರಾಗಿ ನಿಂತಿದೆ. ಇಂಥ ಸೈನಿಕ ನೆರವನ್ನು ಕೊಡುವ ಮತ್ತು ಹಿಂತೆಗೆಯುವ ಅಧಿಕಾರ ಯಾರದೆಂಬುದು ಇಂದು ಅಮೆರಿಕದ ಅಧ್ಯಕ್ಷರಿಗೂ ಅಲ್ಲಿನ ಶಾಸನಸಭೆಗೂ ನಡುವಿನ ವಾದವಾಗಿದ್ದರೆ, 18ನೆಯ ಶತಮಾನದ ಕೊನೆಯಲ್ಲಿ ಮಂಗಳೂರು ಅದೇ ಪ್ರಶ್ನೆಯ ಫಲವನ್ನು ಎರಡು ಬಾರಿ ಉಂಡಿತು.

1783ರ ಮಾರ್ಚ್‌ನಲ್ಲಿ ಬೊಂಬಾಯಿಯಿಂದ ಬಂದ ಈಸ್ಟ್ ಇಂಡಿಯಾ ಕಂಪನಿಯ ಜನರಲ್ ಮ್ಯಾಥ್ಯೂಸನ ಪಡೆ ಮಂಗಳೂರನ್ನು ಹಿಡಿದುಕೊಂಡಿತ್ತು. ಇಂಗ್ಲಿಷರಿಂದ ಬಿದನೂರನ್ನು ಮರಳಿ ಗೆದ್ದ ಮೈಸೂರಿನ ಟಿಪ್ಪು ಮೇ ತಿಂಗಳಲ್ಲಿ ಘಟ್ಟವಿಳಿದು ಬಂದು ಕೋಟೆಗೆ ಮುತ್ತಿಗೆ ಹಾಕಿದಾಗ, ಒಳಗೆ ಕರ್ನಲ್ ಜಾನ್ ಕ್ಯಾಂಬೆಲ್ಲನ ಸುಮಾರು 3,500 ಜನರ ಕಾವಲುಪಡೆಯಿತ್ತು, ಹೊರಗೆ ಮೈಸೂರಿನವರ ಜೊತೆಗೆ ಕೊಸಿನ್ಯಿ ಎಂಬ ಅಧಿಕಾರಿಯ ಫ್ರೆಂಚ್ ತುಕಡಿಯಿತ್ತು. ಆದರೆ ಆ ವರ್ಷದ ಜನವರಿಯಲ್ಲಿಯೇ ವರ್ಸೇಲ್ಸ್‌ನಲ್ಲಿ ಫ್ರಾನ್ಸ್ ಮತ್ತು ಬ್ರಿಟನ್ನಿನ ನಡುವೆ ಸಂಧಿಯ ಪೂರ್ವಕರಾರಿಗೆ ಸಹಿ ಬಿದ್ದಿತ್ತು; ಸುದ್ದಿ ಕಡಲು ದಾಟಿ ಬರುವ ವೇಳೆಗೆ ಜುಲೈ ಆಗಿತ್ತು. ದೊರೆಯ ಅಂಕಿತವೊಂದೇ ಪ್ರಮಾಣವಾಗಿದ್ದ ಫ್ರಾನ್ಸಿನ ರಾಜ್ಯಪದ್ಧತಿಯಲ್ಲಿ ಕೊಸಿನ್ಯಿಗೆ ಬೇರೆ ದಾರಿಯಿರಲಿಲ್ಲ, ಕೋಟೆಯ ಗೋಡೆ ಇನ್ನೇನು ಬೀಳಲಿದೆ ಎನ್ನುವಾಗ ಅವನು ತನ್ನವರನ್ನು ಕಾಳಗದಿಂದ ಹಿಂದಕ್ಕೆ ತೆಗೆದನು. ಟಿಪ್ಪು ಇದನ್ನು ದ್ರೋಹವೆಂದೇ ಬಗೆದನು. ಅವನ ಸಿಟ್ಟು ನ್ಯಾಯವಾದದ್ದೆನ್ನಬೇಕು, ಏಕೆಂದರೆ ಯುದ್ಧದ ಭಾರ ಹೊತ್ತ ಮೈಸೂರನ್ನು ಒಂದು ಮಾತೂ ಕೇಳದೆ ಸಂಧಿಯಾಗಿತ್ತು. ಇದರ ಮೇಲೆ, ಭಾರತದಲ್ಲಿರುವ ಮಿತ್ರರು ನಾಲ್ಕು ತಿಂಗಳೊಳಗೆ ಈ ಶಾಂತಿಗೆ ಒಪ್ಪದಿದ್ದರೆ ಅವರಿಗೆ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ನೆರವು ಕೊಡಬಾರದೆಂದು ಸಂಧಿಯ 16ನೆಯ ವಿಧಿ ಕಟ್ಟುಹಾಕಿತ್ತು.

ಆಗಸ್ಟ್ 2ರಂದು ಕದನವಿರಾಮವಾಯಿತು, ಆದರೆ ಹಸಿವಿಗೆ ವಿರಾಮವಿರಲಿಲ್ಲ. ತಿನ್ನಲು ಗತಿಯಿಲ್ಲದೆ, ರೋಗದಿಂದ ಸವೆದ ಕಾವಲುಪಡೆ 1784ರ ಜನವರಿ 30ರಂದು ಕೋಟೆಯನ್ನೊಪ್ಪಿಸಿ ತಲಚೇರಿಗೆ ಹೊರಟಿತು; ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಯಿತು. ಮದರಾಸಿನ ಗವರ್ನರ್ ಮೆಕಾರ್ಟ್ನಿ ಕಳುಹಿಸಿದ ಪ್ರತಿನಿಧಿಗಳು ಮಾಡಿಕೊಂಡ ಈ ಒಪ್ಪಂದ ಕಲ್ಕತ್ತೆಯ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸನಿಗೆ ಹಿಡಿಸಲಿಲ್ಲ, ಅಂದರೆ ಯುದ್ಧ ಮತ್ತು ಶಾಂತಿಯ ಅಧಿಕಾರ ಎಲ್ಲಿದೆಯೆಂಬ ಗೊಂದಲ ಇಂಗ್ಲಿಷರ ಪಾಳೆಯದಲ್ಲೂ ಇತ್ತು. ಅದೇ ವರ್ಷ ಲಂಡನ್ನಿನಲ್ಲಿ ಅಂಗೀಕೃತವಾದ ಪಿಟ್ಟನ ಇಂಡಿಯಾ ಕಾಯಿದೆ, ಕಂಪನಿಯ ಮೇಲೆ ಅಥವಾ ಅದರ ಆಶ್ರಿತರ ಮೇಲೆ ದಾಳಿಯಾದ ಅಥವಾ ಅದಕ್ಕೆ ಸಿದ್ಧತೆ ನಡೆದ ಸಂದರ್ಭವನ್ನು ಬಿಟ್ಟರೆ, ನಿರ್ದೇಶಕರ ಅಪ್ಪಣೆಯಿಲ್ಲದೆ ಯುದ್ಧ ಸಾರುವುದನ್ನೂ ದೇಶೀಯ ಅರಸರ ರಾಜ್ಯರಕ್ಷಣೆಗೆ ಹೊಣೆಯಾಗುವುದನ್ನೂ ಗವರ್ನರ್ ಜನರಲ್‌ಗೆ ನಿಷೇಧಿಸಿತು.

ಎರಡನೆಯ ಪ್ರಸಂಗ ಮೊದಲನೆಯದರ ತಲೆಕೆಳಗು. 1797ರಲ್ಲಿ ಮುರಿದ ಹಡಗನ್ನು ದುರಸ್ತಿ ಮಾಡಿಸಿಕೊಳ್ಳಲು ಮಂಗಳೂರಿಗೆ ಬಂದ ರಿಪೋ ಎಂಬ ಫ್ರೆಂಚ್ ಕಪ್ತಾನನು, ಶತ್ರುಗಳ ಹಡಗು ದೋಚುವ ಪರವಾನಗಿ ಪಡೆದ ಖಾಸಗಿ ನಾವಿಕನಷ್ಟೇ ಆಗಿದ್ದರೂ, ಮಾರಿಷಸ್ಸಿನಲ್ಲಿ ದೊಡ್ಡ ಸೈನ್ಯ ಹೊರಡಲು ಸಿದ್ಧವಿದೆಯೆಂದು ಟಿಪ್ಪುವನ್ನು ನಂಬಿಸಿದನು. ಅದನ್ನು ನಂಬಿ ಟಿಪ್ಪು ಕಳುಹಿಸಿದ ದೂತರು ಮಂಗಳೂರಿನಿಂದ ಹಡಗೇರಿ 1798ರ ಜನವರಿಯಲ್ಲಿ ಮಾರಿಷಸ್ ಮುಟ್ಟಿದಾಗ, ಅಲ್ಲಿನ ಗವರ್ನರ್ ಮಲಾರ್ಟಿಕ್ ಬಳಿ ಕೊಡಲು ಸೈನ್ಯವಿರಲಿಲ್ಲ. ಅವನು ಜನವರಿ 30ರಂದು ಸ್ವಯಂಸೇವಕರಿಗಾಗಿ ಬಹಿರಂಗ ಪ್ರಕಟಣೆ ಹೊರಡಿಸಿದನು. ಗುಟ್ಟಾಗಿರಬೇಕಾಗಿದ್ದ ಸಖ್ಯ ಹೀಗೆ ಊರೆಲ್ಲ ಡಂಗುರವಾಯಿತು.

ಏಪ್ರಿಲ್ ಕೊನೆಯಲ್ಲಿ ‘ಲಾ ಪ್ರನೂಸ್’ ಎಂಬ ಹಡಗಿನಿಂದ ಮಂಗಳೂರಿನ ದಂಡೆಗೆ ಇಳಿದವರು ನೂರರೊಳಗೇ ಇದ್ದರು. ಜೂನ್‌ನಲ್ಲಿ ಆ ಪ್ರಕಟಣೆ ಕಲ್ಕತ್ತೆಯ ಪತ್ರಿಕೆಯಲ್ಲಿ ಅಚ್ಚಾಗಿ ಆಗಿನ ಗವರ್ನರ್ ಜನರಲ್ ವೆಲ್ಲೆಸ್ಲಿಯ ಕೈಸೇರಿತು. ಪಿಟ್ಟನ ಕಾಯಿದೆ ಬಿಟ್ಟಿದ್ದ ಕಿಂಡಿಗೆ ಸರಿಹೊಂದುವ ಕಾಗದ ಅದಾಗಿತ್ತು. ಅವನು ಅದನ್ನು ಕಂಪನಿಯ ಮೇಲಿನ ದಾಳಿಯ ಸಿದ್ಧತೆಯೆಂದೇ ಓದಿ ಮದರಾಸಿನಲ್ಲಿ ಸೈನ್ಯ ಕೂಡಿಸಲು ಆಜ್ಞೆಯಿತ್ತನು.